ಗ್ರೀನ್ ಕಾರ್ಡ್ ವೈದ್ಯಕೀಯ ಪರೀಕ್ಷೆ ಮತ್ತು ಫ್ಲೂ ಲಸಿಕೆ: ಅಕ್ಟೋಬರ್‌ಗೆ ಮುನ್ನ ತಿಳಿದಿರಬೇಕಾದದ್ದು

ಕಳೆದ ನವರಾತ್ರಿಯಲ್ಲಿ ಗೊಂಬೆ ನೋಡಲು ಹೋದ ಮನೆಯೊಂದರಲ್ಲಿ, ಅರಿಶಿನ ಕುಂಕುಮ ಕೊಟ್ಟ ಮೇಲೆ ಆ ಮನೆಯ ಹುಡುಗಿ ನನ್ನನ್ನು ಒಳಗೆ ಕರೆದು ಒಂದು ಫೈಲ್ ಮುಂದಿಟ್ಟಳು. ಹಾಸನದ ಕಡೆಯವಳು. ಮದುವೆಯಾಗಿ ನ್ಯೂಜೆರ್ಸಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಗಂಡ ಇಲ್ಲಿನ ಪ್ರಜೆ. ಗ್ರೀನ್ ಕಾರ್ಡ್ ಅರ್ಜಿಗೆ ಬೇಕಾದ ವೈದ್ಯಕೀಯ ಪರೀಕ್ಷೆ ಅಕ್ಟೋಬರ್ ಮೂರನೆಯ ವಾರಕ್ಕೆ ಗೊತ್ತಾಗಿತ್ತು. “ಅಕ್ಕಾ, ಚಿಕ್ಕಂದಿನಲ್ಲಿ ನನಗೆ ಎಲ್ಲ ಚುಚ್ಚುಮದ್ದನ್ನೂ ಹಾಕಿಸಿದ್ದಾರೆ. ಅಮ್ಮ ಕಾರ್ಡಿನ ಫೋಟೊ ಕಳುಹಿಸಿದ್ದಾರೆ. ಇಷ್ಟು ಸಾಕಲ್ಲವೇ?” ಎಂದು ಕೇಳಿದಳು.

ಫೋಟೊದಲ್ಲಿದ್ದದ್ದು ಆರೋಗ್ಯ ಕೇಂದ್ರದ ಹಳೆಯ ಕಾರ್ಡ್. ಮಡಿಕೆ ಬಿದ್ದ ಕಡೆ ಹರಿದಿತ್ತು, ಒಂದು ಮೂಲೆಗೆ ಅರಿಶಿನದ ಕಲೆ ಹತ್ತಿತ್ತು. ಬಿಸಿಜಿ, ಪೋಲಿಯೊ ಹನಿ, ಡಿಪಿಟಿ, ದಡಾರದ ಲಸಿಕೆ, ಎಲ್ಲವೂ ನೀಲಿ ಶಾಯಿಯಲ್ಲಿ ಬರೆದಿದ್ದವು. ಮಗಳ ಕಾರ್ಡನ್ನು ಇಷ್ಟು ವರ್ಷ ಟ್ರಂಕಿನಲ್ಲಿ ಕಾಪಾಡಿಟ್ಟ ಆ ತಾಯಿಗೆ ನಾನು ಮನಸ್ಸಿನಲ್ಲಿಯೇ ಕೈಮುಗಿದೆ. ಆದರೆ ಅಕ್ಟೋಬರ್‌ನಲ್ಲಿ ಪರೀಕ್ಷೆಗೆ ಹೋಗುವವರು ತೋರಿಸಲೇಬೇಕಾದ ಒಂದು ಲಸಿಕೆ ಅದರಲ್ಲಿರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಫ್ಲೂ ಲಸಿಕೆ ನಮ್ಮ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಸೇರಿದ್ದಲ್ಲ. ಊರಿನಿಂದ ಬರುವ ನಮ್ಮಲ್ಲಿ ಹೆಚ್ಚಿನವರು ಜೀವನದ ಮೊದಲ ಫ್ಲೂ ಲಸಿಕೆಯನ್ನು ಇಲ್ಲಿಯೇ ತೆಗೆದುಕೊಳ್ಳುತ್ತೇವೆ.

ಪ್ರತಿ ಶರತ್ಕಾಲದಲ್ಲಿ ಇದೇ ಪ್ರಶ್ನೆಯನ್ನು ಯಾರಾದರೂ ಕೇಳುತ್ತಾರೆ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವುದನ್ನೇ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ಇದು ಯಾರಿಗೆ ಬೇಕು ಎಂಬುದು. ಉದ್ಯೋಗದ ಎಚ್-1ಬಿ, ಅವರ ಕುಟುಂಬದವರ ಎಚ್-4, ವಿದ್ಯಾರ್ಥಿಗಳ ಎಫ್-1, ಪ್ರವಾಸಿ ವೀಸಾಗಳಿಗೆ ಸಾಮಾನ್ಯವಾಗಿ ಈ ಪರೀಕ್ಷೆ ಇಲ್ಲ. ಮಗಳ ಬಾಣಂತನಕ್ಕೆ ಬರುವ ಅಮ್ಮಂದಿರು ಗಾಬರಿಯಾಗಬೇಕಿಲ್ಲ. ವಿದ್ಯಾರ್ಥಿಗಳಿಂದ ವಿಶ್ವವಿದ್ಯಾಲಯಗಳು ಲಸಿಕೆಯ ದಾಖಲೆ ಕೇಳುವುದುಂಟು, ಅದು ಬೇರೆಯೇ ವಿಷಯ. ನಾನು ಬರೆಯುತ್ತಿರುವುದು ಅಮೆರಿಕದ ಒಳಗಿದ್ದುಕೊಂಡು ಐ-485 ಅರ್ಜಿಯ ಮೂಲಕ ಗ್ರೀನ್ ಕಾರ್ಡ್ ಕೇಳುವವರಿಗಾಗಿ. ಅವರ ವೈದ್ಯಕೀಯ ಪರೀಕ್ಷೆಯ ಫಲಿತಾಂಶ ಐ-693 ಎಂಬ ನಮೂನೆಯಲ್ಲಿ ದಾಖಲಾಗುತ್ತದೆ. ಭಾರತದಿಂದಲೇ ವಲಸೆ ವೀಸಾ ಪಡೆದು ಬರುವವರ ಪರೀಕ್ಷೆ ಅಲ್ಲಿಯೇ, ದೂತಾವಾಸ ಗೊತ್ತುಮಾಡಿದ ವೈದ್ಯರ ಬಳಿ ನಡೆಯುತ್ತದೆ. ಅವರು ಆ ವೈದ್ಯರ ಸೂಚನೆಯನ್ನು ಅನುಸರಿಸಬೇಕು.

ಐ-693ನ್ನು ತುಂಬಿ ಸಹಿ ಮಾಡುವ ಅಧಿಕಾರ ‘ಸಿವಿಲ್ ಸರ್ಜನ್’ ಎಂಬ ವೈದ್ಯರಿಗೆ ಮಾತ್ರ ಇದೆ. ನಮ್ಮ ಕಡೆ ಹಿರಿಯರಿಗೆ ಈ ಹೆಸರು ಕೇಳಿದರೆ ಜಿಲ್ಲಾ ಆಸ್ಪತ್ರೆಯ ದೊಡ್ಡ ಡಾಕ್ಟರು ನೆನಪಾಗುತ್ತಾರೆ. ಇಲ್ಲಿ ಹಾಗಲ್ಲ. ವಲಸೆ ಇಲಾಖೆ, ಅಂದರೆ ಯುಎಸ್‌ಸಿಐಎಸ್, ಈ ಪರೀಕ್ಷೆಗೆಂದು ನೇಮಿಸಿದ ವೈದ್ಯರನ್ನು ಹಾಗೆ ಕರೆಯುತ್ತಾರೆ. ನಿಮ್ಮ ಮಾಮೂಲಿ ವೈದ್ಯರು ಎಷ್ಟೇ ಒಳ್ಳೆಯವರಾದರೂ ಈ ನಮೂನೆಗೆ ಸಹಿ ಮಾಡಲಾರರು. ನಿಮ್ಮ ಪಿನ್ ಕೋಡ್ ಹಾಕಿದರೆ ಹತ್ತಿರದ ಸಿವಿಲ್ ಸರ್ಜನ್‌ಗಳ ಪಟ್ಟಿ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ. ಶುಲ್ಕವನ್ನು ಸರ್ಕಾರ ನಿಗದಿ ಮಾಡುವುದಿಲ್ಲ. ಒಬ್ಬರಿಂದ ಒಬ್ಬರಿಗೆ ದರ ಬಹಳ ಬೇರೆಯಾಗುತ್ತದೆ, ವಿಮೆಯನ್ನು ಒಪ್ಪದವರೇ ಹೆಚ್ಚು. ಆದ್ದರಿಂದ ಮೂರು ನಾಲ್ಕು ಕಡೆ ಫೋನ್ ಮಾಡಿ, ಶುಲ್ಕದಲ್ಲಿ ಏನೇನು ಸೇರಿದೆ, ರಕ್ತ ಪರೀಕ್ಷೆಗೆ ಬೇರೆ ಹಣವೇ, ಲಸಿಕೆಗೆ ಎಷ್ಟು ಎಂದು ಬಿಡಿಸಿ ಕೇಳಿ.

ಈಗ ಫ್ಲೂ ವಿಷಯ. ವಲಸೆ ಬಯಸುವವರು ಲಸಿಕೆ ಪಡೆದಿರಬೇಕು ಎಂಬ ಷರತ್ತು 1996ರ ಕಾನೂನಿನಿಂದ ಬಂದದ್ದು. ಯಾವ ಯಾವ ಲಸಿಕೆ, ಯಾವ ವಯಸ್ಸಿಗೆ ಎಂಬುದನ್ನು ಸಿಡಿಸಿ, ಅಂದರೆ ಇಲ್ಲಿನ ರೋಗ ನಿಯಂತ್ರಣ ಕೇಂದ್ರ, ಸಿವಿಲ್ ಸರ್ಜನ್‌ಗಳಿಗೆ ಕೊಡುವ ತಾಂತ್ರಿಕ ಸೂಚನೆಗಳಲ್ಲಿ ಹೇಳುತ್ತದೆ. ಅದರ ಪ್ರಕಾರ ಫ್ಲೂ ಹಂಗಾಮು ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ. ನಿಮ್ಮ ಪರೀಕ್ಷೆ ಈ ಆರು ತಿಂಗಳಲ್ಲಿ ಬಿದ್ದರೆ, ಆರು ತಿಂಗಳು ತುಂಬಿದ ಕೂಸಿನಿಂದ ಹಿಡಿದು ಅಜ್ಜ ಅಜ್ಜಿಯವರೆಗೆ ಎಲ್ಲರೂ ಆ ಹಂಗಾಮಿನ ಫ್ಲೂ ಲಸಿಕೆ ಪಡೆದಿರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಪರೀಕ್ಷೆಯಾದರೆ ವೈದ್ಯರು ‘ಫ್ಲೂ ಹಂಗಾಮಲ್ಲ’ ಎಂಬ ಚೌಕದಲ್ಲಿ ಗುರುತು ಹಾಕುತ್ತಾರೆ, ಅಲ್ಲಿಗೆ ಮುಗಿಯಿತು. ಹೋದ ವರ್ಷ ತೆಗೆದುಕೊಂಡದ್ದು ಈ ವರ್ಷಕ್ಕೆ ನಡೆಯುವುದಿಲ್ಲ. ಫ್ಲೂ ವೈರಸ್ ರೂಪ ಬದಲಿಸುತ್ತಲೇ ಇರುವುದರಿಂದ ಲಸಿಕೆಯನ್ನೂ ಪ್ರತಿ ವರ್ಷ ಹೊಸದಾಗಿ ಹೊಂದಿಸುತ್ತಾರೆ.

ಭಾರತೀಯರಿಗೆ ಈ ಅಕ್ಟೋಬರ್ 1 ಇನ್ನೊಂದು ಕಾರಣಕ್ಕೂ ಮುಖ್ಯ. ಅಮೆರಿಕ ಸರ್ಕಾರದ ಹಣಕಾಸು ವರ್ಷ ಶುರುವಾಗುವುದು ಅಂದೇ. ಹೊಸ ವರ್ಷದ ವೀಸಾ ಸಂಖ್ಯೆಗಳು ಬಿಡುಗಡೆಯಾಗುತ್ತವೆ. ವರ್ಷಗಟ್ಟಲೆ ಸಾಲಿನಲ್ಲಿ ನಿಂತ ನಮ್ಮವರ ದಿನಾಂಕ ಮುಂದೆ ಸರಿಯುವ ಆಸೆ ಹುಟ್ಟುವುದೂ ಆಗಲೇ. 2020ರ ಅಕ್ಟೋಬರ್‌ನಲ್ಲಿ ಉದ್ಯೋಗದ ಮೂಲಕ ಗ್ರೀನ್ ಕಾರ್ಡ್ ಕೇಳುವ ಭಾರತೀಯರ ಇಬಿ-3 ವರ್ಗದಲ್ಲಿ ಅರ್ಜಿ ಸಲ್ಲಿಸುವ ದಿನಾಂಕ ಒಮ್ಮೆಲೇ 2015ರ ಜನವರಿಗೆ ಜಿಗಿದು, ಅದಕ್ಕೆ ಮುನ್ನ ಸಾಲಿಗೆ ಸೇರಿದವರೆಲ್ಲ ಅರ್ಜಿ ಹಾಕಬಹುದು ಎಂದಾದಾಗ ಆದ ನೂಕುನುಗ್ಗಲು ಕಂಡವರಿಗೇ ಗೊತ್ತು. ನಾವೂ ಆ ಗುಂಪಿನಲ್ಲಿದ್ದೆವು.

ಆಗ ಕೊರೊನಾ ಕಾಲ. ನನ್ನ ಯಜಮಾನರು ವಾಹನ ನಿಲ್ದಾಣವೊಂದರಲ್ಲಿ ನಡೆದ ಲಸಿಕಾ ಶಿಬಿರಕ್ಕೆ ಹೋಗಿ, ಕಾರಿನಲ್ಲಿ ಕುಳಿತಂತೆಯೇ ಕಿಟಕಿಯಿಂದ ತೋಳು ಚಾಚಿ ಫ್ಲೂ ಚುಚ್ಚುಮದ್ದು ಹಾಕಿಸಿಕೊಂಡು ಬಂದಿದ್ದರು. ಕೈಗೆ ಕೊಟ್ಟದ್ದು ಅಂಗಿಗೆ ಅಂಟಿಸುವ ಒಂದು ದುಂಡನೆಯ ಚೀಟಿ ಮಾತ್ರ. ಕಾಗದ ಕೇಳಬೇಕೆಂದು ಅವರಿಗೂ ತೋಚಲಿಲ್ಲ, ಕೊಡಬೇಕೆಂದು ಅಲ್ಲಿದ್ದವರಿಗೂ ತೋಚಲಿಲ್ಲ. ಪರೀಕ್ಷೆಯ ದಿನ ವೈದ್ಯರು, “ನೀವು ತೆಗೆದುಕೊಂಡಿದ್ದೀರಿ ಎಂದು ನಂಬುತ್ತೇನೆ, ಆದರೆ ಬರೆದುಕೊಳ್ಳಲು ನನಗೆ ದಾಖಲೆ ಬೇಕು” ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಬಾಯಿಮಾತಿನ ಲಸಿಕೆಯನ್ನು ಒಪ್ಪಿಕೊಳ್ಳಲು ನಿಯಮದಲ್ಲಿ ಅವಕಾಶವೇ ಇಲ್ಲ. ರಾಜ್ಯದ ಲಸಿಕಾ ನೋಂದಣಿಯಲ್ಲಿ ಅವರ ಹೆಸರು ಹುಡುಕಿಸಿ, ಮುದ್ರಿತ ಪ್ರತಿ ತರಿಸಿಕೊಳ್ಳುವಷ್ಟರಲ್ಲಿ ವಾರ ಕಳೆಯಿತು. ವಕೀಲರು ದಿನಕ್ಕೆರಡು ಸಲ ಕೇಳುತ್ತಿದ್ದರು, ದಿನಾಂಕ ಮತ್ತೆ ಹಿಂದೆ ಸರಿದರೆ ಏನು ಗತಿ ಎಂದು ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಅಂದಿನಿಂದ ಎಲ್ಲರಿಗೂ ಇದನ್ನೇ ಒತ್ತಿ ಹೇಳುತ್ತೇನೆ: ಲಸಿಕೆ ಹಾಕಿಸಿಕೊಂಡ ಜಾಗದಿಂದ ಕಾಗದ ಕೈಗೆ ಬರದೆ ಕದಲಬೇಡಿ.

ಆ ಕಾಗದದಲ್ಲಿ ಇರಬೇಕಾದದ್ದು ಇಷ್ಟು: ನಿಮ್ಮ ಪೂರ್ಣ ಹೆಸರು, ಜನ್ಮ ದಿನಾಂಕ, ಲಸಿಕೆಯ ಹೆಸರು, ಕೊಟ್ಟ ದಿನ ತಿಂಗಳು ವರ್ಷ, ಕೊಟ್ಟವರು ಯಾರು. ಇದರಲ್ಲಿ ನಮ್ಮವರು ಎಡವುವುದು ಎರಡು ಕಡೆ.

ಒಂದು, ಹೆಸರು. ಕನ್ನಡಿಗರಲ್ಲಿ ಮನೆತನದ ಹೆಸರು ಇಲ್ಲದವರು ಎಷ್ಟೋ ಮಂದಿ. ಆರೋಗ್ಯ ಕೇಂದ್ರದ ಕಾರ್ಡಿನಲ್ಲಿ ‘ಸುಮಾ ಎಚ್.ಆರ್.’, ಶಾಲೆಯ ದಾಖಲೆಯಲ್ಲಿ ‘ಎಚ್.ಆರ್. ಸುಮಾ’, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೂ ತಂದೆಯ ಹೆಸರೂ ಬಿಡಿಸಿ ಬರೆದ ಉದ್ದನೆಯ ಹೆಸರು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಅಮೆರಿಕದ ವೀಸಾದಲ್ಲಿ ಆ ಹೆಸರು ಮನೆತನದ ಹೆಸರಿನ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂಬುದರ ಮೊದಲಕ್ಷರಗಳು ಅವು. ಔಷಧದಂಗಡಿಯವರು ವಿಮೆಯ ಕಾರ್ಡಿನಲ್ಲಿರುವ ಹೆಸರನ್ನು ಹಾಕಿಕೊಳ್ಳುತ್ತಾರೆ. ವಿಮೆಯಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಇದ್ದರೆ ಮುಂಚೆಯೇ ಸರಿಪಡಿಸಿಕೊಳ್ಳಿ. ಸಿವಿಲ್ ಸರ್ಜನ್ ಬಳಿ ಹೋಗುವಾಗ ಪಾಸ್‌ಪೋರ್ಟ್ ಕೈಯಲ್ಲಿರಲಿ.

ಎರಡು, ದಿನಾಂಕ. ನಾವು ದಿನವನ್ನು ಮೊದಲು ಬರೆಯುತ್ತೇವೆ, ಇಲ್ಲಿಯವರು ತಿಂಗಳನ್ನು ಮೊದಲು ಓದುತ್ತಾರೆ. ಬೆಂಗಳೂರಿಗೆ ರಜೆಗೆ ಹೋದವರು ಅಲ್ಲಿಯ ಖಾಸಗಿ ಆಸ್ಪತ್ರೆಯಲ್ಲಿ ನವೆಂಬರ್ ಐದರಂದು ಫ್ಲೂ ಲಸಿಕೆ ಹಾಕಿಸಿಕೊಂಡು, ಚೀಟಿಯಲ್ಲಿ 05/11 ಎಂದು ಬರೆಸಿಕೊಂಡು ಬಂದರೆ ಇಲ್ಲಿ ಅದು ಮೇ ಹನ್ನೊಂದಾಗುತ್ತದೆ. ಮೇ ತಿಂಗಳಿನ ಲಸಿಕೆ ಈ ಹಂಗಾಮಿನದಲ್ಲ ಎನ್ನುತ್ತಾರೆ. ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ ಎಂದು ಊರಿನ ಆಸ್ಪತ್ರೆಯವರಿಗೆ ಹೇಳಿದರೆ ಖಂಡಿತ ಬರೆದುಕೊಡುತ್ತಾರೆ. ಮಕ್ಕಳ ತಾಯಿ ಕಾರ್ಡಿಗೂ ಇದೇ ಎಚ್ಚರಿಕೆ ಬೇಕು. ಕನ್ನಡದಲ್ಲಿ ಬರೆದ ಭಾಗಗಳಿದ್ದರೆ ಇಂಗ್ಲಿಷ್ ಅನುವಾದ ಜೊತೆಗಿರಲಿ.

ಖರ್ಚಿನ ವಿಷಯದಲ್ಲಿ ಫ್ಲೂ ಲಸಿಕೆಯನ್ನು ಸಿವಿಲ್ ಸರ್ಜನ್ ಬಳಿ ತೆಗೆದುಕೊಳ್ಳುವುದಕ್ಕಿಂತ ಮುಂಚಿತವಾಗಿಯೇ ಹಾಕಿಸಿಕೊಂಡು ಹೋಗುವುದು ಜಾಣತನ. ಹೆಚ್ಚಿನ ಆರೋಗ್ಯ ವಿಮೆಗಳು ಇದರ ಪೂರ್ತಿ ವೆಚ್ಚ ಭರಿಸುತ್ತವೆ. ಸಿವಿಎಸ್, ವಾಲ್‌ಗ್ರೀನ್ಸ್, ಕಾಸ್ಟ್‌ಕೋ ಮುಂತಾದ ಕಡೆಗಳಲ್ಲಿ ಆಗಸ್ಟ್ ಕೊನೆ, ಸೆಪ್ಟೆಂಬರ್ ಹೊತ್ತಿಗೆ ಹೊಸ ಹಂಗಾಮಿನ ಲಸಿಕೆ ಬಂದಿರುತ್ತದೆ. ಸೆಪ್ಟೆಂಬರ್‌ನಲ್ಲಿಯೇ ಅದನ್ನು ತೆಗೆದುಕೊಂಡರೂ ಅಕ್ಟೋಬರ್ ಪರೀಕ್ಷೆಗೆ ನಡೆಯುತ್ತದೆ. ವಿಮೆ ಇಲ್ಲದವರು ಕೌಂಟಿಯ ಆರೋಗ್ಯ ಇಲಾಖೆಯಲ್ಲಿ ವಿಚಾರಿಸಲಿ. ಪರೀಕ್ಷೆ ಸೆಪ್ಟೆಂಬರ್ ಕೊನೆಗಿದ್ದರೂ ನಾನಾದರೆ ಲಸಿಕೆ ಹಾಕಿಸಿಕೊಂಡೇ ಹೋಗುತ್ತೇನೆ. ರಕ್ತ ಪರೀಕ್ಷೆಯ ಫಲಿತಾಂಶ ತಡವಾಗಿ ಸಹಿ ಅಕ್ಟೋಬರ್‌ಗೆ ಜಾರಿದಾಗ ಮತ್ತೊಂದು ಸುತ್ತು ಅಲೆಯುವ ಪಾಡು ತಪ್ಪುತ್ತದೆ.

ನಮ್ಮ ಸಸ್ಯಾಹಾರಿ ಮನೆಗಳಲ್ಲಿ ಹಿರಿಯರು ಮೆಲ್ಲನೆ ಕೇಳುವ ಪ್ರಶ್ನೆಯೊಂದಿದೆ. “ಇದರಲ್ಲಿ ಮೊಟ್ಟೆ ಇರುತ್ತದಂತೆ, ಹೌದೇನಮ್ಮ?” ಈ ಸಂಕೋಚವನ್ನು ನಾನು ಗೌರವಿಸುತ್ತೇನೆ. ಹೌದು, ಹೆಚ್ಚಿನ ಫ್ಲೂ ಲಸಿಕೆಗಳಿಗೆ ವೈರಸ್ಸನ್ನು ಕೋಳಿ ಮೊಟ್ಟೆಯಲ್ಲಿಯೇ ಬೆಳೆಸುತ್ತಾರೆ. ಆದರೆ ಮೊಟ್ಟೆಯನ್ನೇ ಬಳಸದ ಎರಡು ಲಸಿಕೆಗಳು ಇಲ್ಲಿ ಸಿಗುತ್ತವೆ: ಫ್ಲೂಸೆಲ್‌ವ್ಯಾಕ್ಸ್ ಮತ್ತು ಫ್ಲೂಬ್ಲಾಕ್. ಮೊದಲನೆಯದನ್ನು ಪ್ರಾಣಿಯ ಜೀವಕೋಶಗಳ ಕೃಷಿಯಲ್ಲಿ, ಎರಡನೆಯದನ್ನು ಕೀಟದ ಜೀವಕೋಶಗಳಲ್ಲಿ ತಯಾರಿಸುತ್ತಾರೆ. ಇದನ್ನೂ ಮುಚ್ಚಿಡದೆ ಹೇಳುತ್ತಿದ್ದೇನೆ, ನಿರ್ಧಾರ ನಿಮ್ಮದು. ಹೆಸರು ಹೇಳಿ ಕೇಳಿದರೆ ಔಷಧದಂಗಡಿಯವರು ಇದೆಯೇ ಇಲ್ಲವೇ ಎಂದು ನೋಡಿ ಹೇಳುತ್ತಾರೆ. ಪ್ರಾಣಿಗಳಿಂದ ತೆಗೆಯುವ ಜೆಲಟಿನ್ ಬೇಡ ಎನ್ನುವವರು ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆಯನ್ನು ಬಿಟ್ಟು ಚುಚ್ಚುಮದ್ದನ್ನೇ ಆರಿಸಿಕೊಳ್ಳಲಿ. ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಎಂಎಂಆರ್ ಲಸಿಕೆಯಲ್ಲಿಯೂ ಜೆಲಟಿನ್ ಇಲ್ಲದ ಪ್ರಿಯೋರಿಕ್ಸ್ ಎಂಬುದಕ್ಕೆ 2022ರಲ್ಲಿ ಇಲ್ಲಿ ಅನುಮತಿ ಸಿಕ್ಕಿದೆ. ಮೊಟ್ಟೆಯ ಅಲರ್ಜಿ ಇದ್ದವರಿಗೂ ಯಾವುದೇ ಫ್ಲೂ ಲಸಿಕೆ ಕೊಡಬಹುದು ಎಂಬುದು ಸಿಡಿಸಿಯ ಈಗಿನ ಸಲಹೆ. ಆದ್ದರಿಂದ ಅಲರ್ಜಿಯ ಹೆಸರಿನಲ್ಲಿ ವಿನಾಯಿತಿ ಸಿಗುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ಹಿಂದೆ ಫ್ಲೂ ಲಸಿಕೆಯಿಂದಲೇ ತೀವ್ರ ಅಲರ್ಜಿ ಆದವರ ವಿಷಯ ಬೇರೆ, ಅವರು ವೈದ್ಯರಿಗೆ ಮೊದಲೇ ತಿಳಿಸಬೇಕು.

ಲಸಿಕೆಯೇ ಬೇಡ ಎಂದರೆ? ವೈದ್ಯಕೀಯ ಕಾರಣ, ವಯಸ್ಸು, ಹಂಗಾಮು, ಎರಡು ಡೋಸ್‌ಗಳ ನಡುವೆ ಕಾಲ ಸಾಲದಿರುವುದು, ಇವುಗಳನ್ನು ಸಿವಿಲ್ ಸರ್ಜನ್ ನಮೂನೆಯಲ್ಲಿ ಗುರುತಿಸಿದರೆ ಸಾಕು, ಬೇರೆ ಅರ್ಜಿ ಬೇಕಿಲ್ಲ. ಧಾರ್ಮಿಕ ಅಥವಾ ನೈತಿಕ ಕಾರಣವಾದರೆ ಐ-601 ಎಂಬ ಪ್ರತ್ಯೇಕ ಅರ್ಜಿ, ಅದಕ್ಕೆ ಪ್ರತ್ಯೇಕ ಶುಲ್ಕ. ಅಲ್ಲಿ ನಿಮ್ಮ ವಿರೋಧ ಎಲ್ಲ ಲಸಿಕೆಗಳಿಗೂ ಇದೆ ಎಂದು ತೋರಿಸಬೇಕು. ಉಳಿದವೆಲ್ಲ ಆಗಬಹುದು, ಫ್ಲೂ ಒಂದು ಬೇಡ ಎಂಬ ವಾದ ನಿಲ್ಲುವುದಿಲ್ಲ. ತೋಳು ಎರಡು ದಿನ ನೋಯುತ್ತದೆ, ಕೆಲವರಿಗೆ ಮೈಬಿಸಿ ಬರುತ್ತದೆ ಎಂಬ ಕಾರಣಕ್ಕೆ ವರ್ಷಗಟ್ಟಲೆ ಕಾದ ಅರ್ಜಿಯನ್ನು ಸಿಕ್ಕಿಗೆ ಸಿಲುಕಿಸಬೇಡಿ ಎಂದು ತಂಗಿಗೆ ಹೇಳುವಂತೆಯೇ ಹೇಳುತ್ತೇನೆ. ಫ್ಲೂವನ್ನು ನೆಗಡಿಯ ಅಣ್ಣ ಎಂದು ನಾವು ಹಗುರವಾಗಿ ಕಾಣುತ್ತೇವೆ. 2009ರಲ್ಲಿ ಊರಿನಲ್ಲಿ ಹಂದಿ ಜ್ವರ ಎಂದು ಶಾಲೆಗಳಿಗೆ ಬೀಗ ಬಿದ್ದಾಗ ನಮ್ಮನ್ನು ಹೆದರಿಸಿದ್ದೂ ಇದೇ ಕುಲದ ವೈರಸ್.

ಗರ್ಭಿಣಿಯರು ಫ್ಲೂ ಚುಚ್ಚುಮದ್ದನ್ನು ತೆಗೆದುಕೊಳ್ಳಬಹುದು, ತೆಗೆದುಕೊಳ್ಳಬೇಕೆಂದೇ ಸಲಹೆ ಇದೆ. ಅವರಿಗೆ ಬೇಡವಾದದ್ದು ಜೀವಂತ ವೈರಸ್ ಇರುವ ಎಂಎಂಆರ್, ಸೀತಾಳೆ ಸಿಡುಬಿನ ಲಸಿಕೆ ಮತ್ತು ಮೂಗಿನ ಸಿಂಪರಣೆ. ಆ ಹೊತ್ತಿಗೆ ಇವುಗಳನ್ನು ವೈದ್ಯರು ವರ್ಜ್ಯ ಎಂದು ಗುರುತಿಸುತ್ತಾರೆ. ಮೊದಲ ಬಾರಿ ಫ್ಲೂ ಲಸಿಕೆ ಪಡೆಯುವ ಒಂಬತ್ತು ವರ್ಷದೊಳಗಿನ ಮಕ್ಕಳಿಗೆ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್ ಬೇಕು, ಆದರೆ ನಮೂನೆಗೆ ಸಹಿ ಬೀಳಲು ಎರಡನೆಯದಕ್ಕೆ ಕಾಯಬೇಕಾಗಿಲ್ಲ. ಅರವತ್ತೈದು ದಾಟಿದ ತಂದೆ ತಾಯಿಯರಿಗೆ ಹೆಚ್ಚು ಪ್ರಮಾಣದ ಲಸಿಕೆ ಇದೆ, ಕೇಳಿ ಹಾಕಿಸಿ.

ಉಳಿದ ಲಸಿಕೆಗಳ ಬಗ್ಗೆ ಸ್ವಲ್ಪದರಲ್ಲಿ. ನಮ್ಮ ಕಾಲದ ಸರ್ಕಾರಿ ಕಾರ್ಡುಗಳಲ್ಲಿ ದಡಾರದ ಲಸಿಕೆ ಇರುತ್ತದೆ, ಮಂಗನಬಾವು ಮತ್ತು ರುಬೆಲ್ಲಾ ಇರುವುದಿಲ್ಲ. ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆದದ್ದೇ 2017ರಲ್ಲಿ. ಹಾಗಾಗಿ ಎಂಎಂಆರ್ ಬೇಕಾಗುತ್ತದೆ, ಇಲ್ಲವೇ ರಕ್ತ ಪರೀಕ್ಷೆಯಲ್ಲಿ ರೋಗನಿರೋಧಕ ಶಕ್ತಿ ಇದೆ ಎಂದು ತೋರಿಸಬೇಕು. ಚಿಕ್ಕಂದಿನಲ್ಲಿ ‘ಅಮ್ಮ’ ಬಂದಿತ್ತು ಎಂಬ ನೆನಪಿದ್ದರೆ ಸೀತಾಳೆ ಸಿಡುಬಿನ ವಿಷಯದಲ್ಲಿ ವೈದ್ಯರಿಗೆ ತಿಳಿಸಿ, ಅದನ್ನು ಪರಿಗಣಿಸುವ ಅವಕಾಶ ಅವರಿಗಿದೆ. ಧನುರ್ವಾಯು, ಗಂಟಲುಮಾರಿ, ನಾಯಿಕೆಮ್ಮು ಮೂರಕ್ಕೂ ಸೇರಿದ ಟಿಡ್ಯಾಪ್ ಮತ್ತು ಹೆಪಟೈಟಿಸ್ ಬಿ ವಯಸ್ಕರನ್ನು ಕಾಯುವ ಇನ್ನೆರಡು. ಸರಣಿಯ ಎಲ್ಲ ಡೋಸ್ ಮುಗಿಸಬೇಕೆಂದಿಲ್ಲ, ಪರೀಕ್ಷೆಯ ಹೊತ್ತಿಗೆ ಪ್ರತಿಯೊಂದರಲ್ಲೂ ಸಲ್ಲುವ ಒಂದು ಡೋಸ್ ಆಗಿದ್ದರೆ ಸಾಕು.

ಕ್ಷಯದ ಪರೀಕ್ಷೆಯ ಬಗ್ಗೆ ಒಂದು ಎಚ್ಚರಿಕೆ. ಎರಡು ವರ್ಷ ಮೇಲ್ಪಟ್ಟ ಎಲ್ಲರಿಗೂ ಐಜಿಆರ್‌ಎ ಎಂಬ ರಕ್ತ ಪರೀಕ್ಷೆ ಇದೆ. ಬಿಸಿಜಿ ಹಾಕಿಸಿಕೊಂಡ ನಮಗೆ ಹಿಂದಿನ ಚರ್ಮದ ಪರೀಕ್ಷೆ ಸುಮ್ಮನೆ ಕ್ಷಯದ ಸೋಂಕು ತೋರಿಸುತ್ತಿತ್ತು, ರಕ್ತ ಪರೀಕ್ಷೆಗೆ ಆ ದೋಷವಿಲ್ಲ. ಆದರೆ ಎಂಎಂಆರ್ ಹಾಕಿಸಿಕೊಂಡ ಮೇಲೆ ಕೆಲವು ವಾರ ಈ ಪರೀಕ್ಷೆಯ ಫಲಿತಾಂಶ ಏರುಪೇರಾಗಬಹುದು. ರಕ್ತ ಕೊಡುವ ದಿನವೇ ಎಂಎಂಆರ್ ಹಾಕಿಸಿಕೊಳ್ಳಿ, ಇಲ್ಲವೇ ನಾಲ್ಕರಿಂದ ಆರು ವಾರ ಅಂತರ ಬಿಡಿ. ಫ್ಲೂ ಚುಚ್ಚುಮದ್ದಿಗೆ ಈ ತೊಡಕಿಲ್ಲ, ಯಾವಾಗ ಬೇಕಾದರೂ ಆಗಬಹುದು.

ಹಳಬರ ಮಾತನ್ನು, ನನ್ನ ಮಾತನ್ನೂ ಸೇರಿಸಿ, ಇಲಾಖೆಯ ಇಂದಿನ ಸೂಚನೆಯೊಡನೆ ತಾಳೆ ನೋಡಿ. ಈ ಪಟ್ಟಿ ಬದಲಾಗುತ್ತಿರುತ್ತದೆ. ಎಚ್‌ಪಿವಿ ಲಸಿಕೆಯನ್ನು ಕೆಲ ಕಾಲ ಕಡ್ಡಾಯ ಮಾಡಿ 2009ರ ಡಿಸೆಂಬರ್‌ನಲ್ಲಿ ಕೈಬಿಟ್ಟರು. ಕೋವಿಡ್ ಲಸಿಕೆ 2021ರ ಅಕ್ಟೋಬರ್‌ನಲ್ಲಿ ಸೇರಿತು, 2025ರ ಜನವರಿಯಲ್ಲಿ ಹೋಯಿತು. ನಾವು ಅರ್ಜಿ ಹಾಕಿದಾಗ ಐ-693ನ್ನು ಆಮೇಲೆ ಕೊಡಬಹುದಿತ್ತು. 2024ರ ಡಿಸೆಂಬರ್ 2ರಿಂದ ಐ-485 ಜೊತೆಗೇ ಇಡಬೇಕು, ಇಲ್ಲದಿದ್ದರೆ ಅರ್ಜಿ ತಿರಸ್ಕೃತವಾಗಿ ವಾಪಸ್ ಬರಬಹುದು. 2025ರ ಜೂನ್‌ನಿಂದ ಇನ್ನೊಂದು ಬದಲಾವಣೆಯಾಗಿದೆ: ಯಾವ ಅರ್ಜಿಯ ಜೊತೆ ಇಟ್ಟಿದ್ದೀರೋ ಅದು ವಿಚಾರಣೆಯಲ್ಲಿರುವವರೆಗೆ ಮಾತ್ರ ಆ ನಮೂನೆಗೆ ಬೆಲೆ. ಅರ್ಜಿ ಹಿಂತೆಗೆದುಕೊಂಡು ಮತ್ತೆ ಹಾಕಿದರೆ ಪರೀಕ್ಷೆಯೂ ಹೊಸದಾಗಿ ಆಗಬೇಕು.

ಪರೀಕ್ಷೆಗೆ ಹೋಗುವ ದಿನ ನಮೂನೆಯಲ್ಲಿ ನಿಮ್ಮ ಭಾಗವನ್ನು ತುಂಬಿಕೊಂಡು ಹೋಗಿ, ಸಹಿ ಮಾತ್ರ ವೈದ್ಯರು ಹೇಳಿದಾಗ ಅವರೆದುರೇ ಮಾಡಿ. ಪುಟಗಳ ಅಡಿಯಲ್ಲಿ ಮುದ್ರಿಸಿರುವ ಆವೃತ್ತಿಯ ದಿನಾಂಕ ಎಲ್ಲ ಪುಟಗಳಲ್ಲೂ ಒಂದೇ ಆಗಿರಲಿ, ಅದು ಈಗ ಚಾಲ್ತಿಯಲ್ಲಿರುವ ಆವೃತ್ತಿಯಾಗಿರಲಿ. ಎಲ್ಲ ಮುಗಿದ ಮೇಲೆ ವೈದ್ಯರು ನಮೂನೆಯನ್ನು ಲಕೋಟೆಗೆ ಹಾಕಿ ಅಂಟಿಸಿ ಮುಚ್ಚಿ ಕೊಡುತ್ತಾರೆ. ಅಂಟಿಸುವ ಮುನ್ನವೇ ನಿಮಗೊಂದು ಪ್ರತಿ ಕೇಳಿ ಪಡೆಯಿರಿ. ಹೆಸರು, ಜನ್ಮ ದಿನಾಂಕ, ಫ್ಲೂ ಸಾಲಿನಲ್ಲಿ ಬರೆದ ದಿನ, ಮೂರನ್ನೂ ಅಲ್ಲಿಯೇ ನಿಂತು ಓದಿ. ತಪ್ಪಿದ್ದರೆ ಆಗಲೇ ತಿದ್ದಿಸುವುದು ಸುಲಭ. ಲಕೋಟೆ ಮುಚ್ಚಿದ ಮೇಲೆ ಅದನ್ನು ತೆರೆಯುವಂತಿಲ್ಲ, ತೆರೆದದ್ದು ಕಂಡರೆ ಇಲಾಖೆ ಒಪ್ಪುವುದಿಲ್ಲ. ಮನೆಯಲ್ಲಿ ಎಲ್ಲರಿಗೂ ಹೇಳಿಡಿ, ಅಂಚೆಯಲ್ಲಿ ಬಂದ ಲಕೋಟೆ ಎಂದು ಯಾರೂ ಹರಿಯದಂತೆ ನೋಡಿಕೊಳ್ಳಿ. ನಮ್ಮ ಮನೆಯಲ್ಲಿ ಆ ನಾಲ್ಕು ಲಕೋಟೆಗಳನ್ನು ವಕೀಲರಿಗೆ ತಲುಪಿಸುವವರೆಗೆ ದೇವರ ಗೂಡಿನಲ್ಲಿಯೇ ಇಟ್ಟಿದ್ದೆ.

ಆ ಹಾಸನದ ಹುಡುಗಿಯನ್ನು ವಿಜಯದಶಮಿಯ ಮರುದಿನ ನಾನೇ ಕಾರಿನಲ್ಲಿ ಔಷಧದಂಗಡಿಗೆ ಕರೆದುಕೊಂಡು ಹೋದೆ. ಲಸಿಕೆ ಹಾಕಿದ ಮೇಲೆ ಅವರು ಕೊಟ್ಟ ಹಾಳೆಯಲ್ಲಿ ಅವಳ ಹೆಸರಿನ ಎರಡನೆಯ ಭಾಗ ಬಿಟ್ಟುಹೋಗಿತ್ತು. ಪಾಸ್‌ಪೋರ್ಟ್ ತೋರಿಸಿದಳು, ಐದು ನಿಮಿಷದಲ್ಲಿ ತಿದ್ದಿ ಹೊಸದಾಗಿ ಮುದ್ರಿಸಿ ಕೊಟ್ಟರು. ಅವಳು ಅದರ ಫೋಟೊ ತೆಗೆದು ಊರಿನಲ್ಲಿರುವ ಅಮ್ಮನಿಗೆ ಕಳುಹಿಸಿದಳು.